ನೋಡಲು ಬಂದವರ ಜಾತಿ ಕೇಳಬೇಡಿ

ಸಂಕ್ರಾಂತಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಜಾತ್ರೆಗಳ ಕಾಲ. ಬಿಳಿಗೆರೆಯಂಥ ಊರಿನ ಜನ ಸುತ್ತಲ ಹಳ್ಳಿಗಳ ತೇರಿಗೆ, ಅಮ್ಮನ ಹಬ್ಬಕ್ಕೆ, ರಾತ್ರಿಯ ನಾಟಕಕ್ಕೆ ಹೊರಡುತ್ತಾರೆ. ಎಲ್ಲಿಗೆ ಎಂದು ಕೇಳಿ ನೋಡಿ. ‘ಪೂಜೆಗೆ’ ಎನ್ನುವವರಿಗಿಂತ ‘ಜಾತ್ರೆ ನೋಡೋಕೆ’ ಎನ್ನುವವರೇ ಹೆಚ್ಚು. ಹರಕೆ ಇದ್ದವರು ಹಣ್ಣುಕಾಯಿ ಮಾಡಿಸುತ್ತಾರೆ. ಇಲ್ಲದವರು ಜನ ನೋಡಿ, ಸೋಮನ ಕುಣಿತ ನೋಡಿ, ಪುರಿ ಬತ್ತಾಸು ಕಟ್ಟಿಸಿಕೊಂಡು ಮನೆಗೆ ಬರುತ್ತಾರೆ. ಸುಮ್ಮನೆ ನೋಡಲು ಬಂದವರೇ ಇಲ್ಲದಿದ್ದರೆ ಅದು ಪೂಜೆಯಾದೀತು, ಜಾತ್ರೆಯಾಗದು.

ಈ ನೋಡುವವರ ಮೇಲೆಯೇ ಈಗ ಎರಡು ಕಡೆಯಿಂದ ಕಣ್ಣು ಬಿದ್ದಿದೆ.

ಒಂದು ಕಡೆ ಬ್ಯಾನರ್ ಕಟ್ಟುವವರು. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿ, ಶಿವಮೊಗ್ಗದ ಮಾರಿಕಾಂಬಾ ಜಾತ್ರೆ ಮೊದಲಾದ ಕಡೆ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡಬೇಕೆಂಬ ಕೂಗು ಎದ್ದಿತು. ವಿಧಾನಸಭೆಯಲ್ಲಿ ಇದಕ್ಕೆ ಉತ್ತರ ಕೊಟ್ಟವರು ಅಂದಿನ ಕಾನೂನು ಸಚಿವ, ಇದೇ ತೆಂಗಿನ ಸೀಮೆಯ ಚಿಕ್ಕನಾಯಕನಹಳ್ಳಿಯ ಶಾಸಕರಾಗಿದ್ದ ಜೆ.ಸಿ. ಮಾಧುಸ್ವಾಮಿ. ದೇವಸ್ಥಾನದ ಜಾಗವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡುವಂತಿಲ್ಲವೆಂಬ 2002ರ ಧಾರ್ಮಿಕ ದತ್ತಿ ನಿಯಮವನ್ನು ಅವರು ಮುಂದಿಟ್ಟರು. ಆವರಣದ ಹೊರಗೆ ಮಾರುವವರನ್ನು ತಡೆದಿದ್ದರೆ ಅದನ್ನು ಸರಿಪಡಿಸುವುದಾಗಿಯೂ ಹೇಳಿದರು. ಬ್ಯಾನರ್ ಕಟ್ಟಿದವರು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡರು.

‘ನಾವು ಬೇಡವೆಂದದ್ದು ಅಂಗಡಿಯನ್ನು, ನೋಡಲು ಬರುವವರನ್ನಲ್ಲ’ ಎಂದು ಅವರು ಹೇಳಬಹುದು. ಜಾತ್ರೆ ಬಲ್ಲವರಾರೂ ಈ ಮಾತು ಆಡಲಾರರು. ಬಳೆ ಮಾರುವವನು, ದನಗಳಿಗೆ ಲಾಳ ಕಟ್ಟುವವನು ತೇರು ಹೊರಟ ಕೂಡಲೇ ಕೈಯ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾನೆ. ಆ ಗಳಿಗೆಯಲ್ಲಿ ಅವನು ವ್ಯಾಪಾರಿಯಲ್ಲ, ಎಲ್ಲರಂತೆ ತೇರು ನೋಡುವವನು. ಅವನ ಗಂಟುಮೂಟೆಯನ್ನು ಹೊರಗೆಸೆದ ಮೇಲೆ ಅವನ ಹೆಂಡತಿ ಮಕ್ಕಳು ಯಾವ ಮುಖ ಹೊತ್ತು ತೇರು ನೋಡಲು ಬಂದಾರು?

ಇನ್ನೊಂದು ಕಡೆ ನಮ್ಮೊಳಗಿನ ಕಟ್ಟುನಿಟ್ಟಿನವರು. ‘ಅವರ ಜಾತ್ರೆಯಲ್ಲಿ ನಿನಗೇನು ಕೆಲಸ? ನೋಡಿದರೂ ಈಮಾನು ಕೆಡುತ್ತದೆ’ ಎಂಬುದು ಅವರ ಉಪದೇಶ. ಬಾಬಯ್ಯನ ಹಬ್ಬಕ್ಕೆ ಬರುವ ಹಿಂದೂಗಳನ್ನೂ ಇವರು ಕಿರಿಕಿರಿಯಿಂದಲೇ ನೋಡುತ್ತಾರೆ. ನೋಡುವುದು ಬೇರೆ, ಪೂಜಿಸುವುದು ಬೇರೆ ಎಂಬ ಸರಳ ವ್ಯತ್ಯಾಸ ಇವರಿಗೆ ತಿಳಿಯದು. ದಸರೀಘಟ್ಟದ ಚೌಡೇಶ್ವರಿ ತನ್ನ ಮುಂದೆ ಕುಳಿತವರ ಪ್ರಶ್ನೆಗಳಿಗೆ ಬರೆದು ಉತ್ತರಿಸುತ್ತಾಳೆಂದು ಭಕ್ತರು ನಂಬುತ್ತಾರೆ. ಇದನ್ನು ನಂಬದವನೂ ಅಲ್ಲಿ ಒಂದು ಗಂಟೆ ನಿಲ್ಲಲಿ. ಬತ್ತಿದ ಬೋರ್‌ವೆಲ್, ತೀರದ ಸಾಲ, ಕೂಡಿಬರದ ಮಗಳ ಮದುವೆ ಎಂಬ ಸಂಕಟಗಳನ್ನು ಆ ಮುಖಗಳ ಮೇಲೆ ಓದಬಹುದು. ಅವು ನಮ್ಮ ಮನೆಯ ಸಂಕಟಗಳೂ ಹೌದಲ್ಲವೆ? ಅದೇ ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರ ಗುಡಿಯಿದೆ. ಅದರ ಛಾವಣಿಯಲ್ಲಿ ಕುಣಿಯುವ ಶಿವನನ್ನು ಕತ್ತೆತ್ತಿ ನೋಡಿದವನ ಕತ್ತು ನೋಯಬಹುದು, ಧರ್ಮ ನೋಯುವುದಿಲ್ಲ. ನೋಡಿದ ಮಾತ್ರಕ್ಕೆ ಕೆಡುವ ನಂಬಿಕೆ ಮೊದಲೇ ಗಟ್ಟಿಯಿರಲಿಲ್ಲ.

ಈ ಇಬ್ಬರಿಗೂ ಇತಿಹಾಸದ ಒಂದು ಪಾಠ ನೆನಪಿಸಬೇಕು. ವಿಜಯನಗರದ ಮಹಾನವಮಿಯ ವೈಭವವನ್ನು ವೇದಿಕೆಗಳಲ್ಲಿ ಕೊಂಡಾಡುವವರಿಗೆ ಅದು ಗೊತ್ತಾದದ್ದು ಯಾರಿಂದ? 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಂಡದ್ದನ್ನೆಲ್ಲ ಬರೆದಿಟ್ಟ. ಮುಂದೆ ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದ. ಅನ್ಯಧರ್ಮೀಯರಿಗೆ ಪ್ರವೇಶವಿಲ್ಲವೆಂದು ಅಂದೇ ಬ್ಯಾನರ್ ಕಟ್ಟಿದ್ದರೆ ಇಂದು ಆ ವೈಭವದ ಬಗ್ಗೆ ಹೇಳಿಕೊಳ್ಳಲು ಎಷ್ಟು ಉಳಿಯುತ್ತಿತ್ತು? ನಮ್ಮ ಉಪದೇಶಕರ ಮಾತು ಕೇಳಿ ಅಬ್ದುರ್ ರಜಾಕ್ ಕಣ್ಣು ಮುಚ್ಚಿ ಕುಳಿತಿದ್ದರೂ ನಷ್ಟ ಅಷ್ಟೇ. 2006ರಲ್ಲಿ ತೀರಿಕೊಂಡ ಎಸ್.ಕೆ. ಕರೀಂಖಾನ್ ಹಳ್ಳಿ ಹಳ್ಳಿ ಅಲೆದು ಕನ್ನಡದ ಜನಪದ ಗೀತೆಗಳನ್ನು ಕೂಡಿಸಿದರು. ಜೀ.ಶಂ. ಪರಮಶಿವಯ್ಯ ರಾತ್ರಿಗಟ್ಟಲೆ ಕೂತು ಕೇಳಿದ ಮೂಡಲಪಾಯ ಯಕ್ಷಗಾನಕ್ಕೆ ಇದೇ ತಿಪಟೂರು ಸೀಮೆಯ ಕೊನೇಹಳ್ಳಿಯಲ್ಲಿ ಒಂದು ನೆಲೆ ಒದಗಿಸಿದರು. ಹಾಡಿದವರು ಹಾಡನ್ನು ಉಳಿಸಿದರು ನಿಜ. ಕುತೂಹಲದಿಂದ ಕೇಳಿದವರೂ ಉಳಿಸಿದರು.

ಹಾಗೆಂದು ‘ಹಿಂದೆ ಎಲ್ಲರೂ ಅಣ್ಣತಮ್ಮಂದಿರಂತೆ ಜಾತ್ರೆ ಮಾಡುತ್ತಿದ್ದರು’ ಎಂಬ ಭಾವೈಕ್ಯದ ಭಾಷಣವನ್ನೂ ನಾನು ಒಪ್ಪಲಾರೆ. ಅಮ್ಮನ ಹಬ್ಬಕ್ಕೆ ತಮಟೆ ಬಡಿದವರೇ ಅಮ್ಮನ ಗುಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ತಮ್ಮ ಕೈಯ ಸದ್ದಿಗೆ ಕುಣಿದ ದೇವರನ್ನು ಅವರು ದೂರದಿಂದ ನೋಡಬೇಕಿತ್ತು. ಎಷ್ಟೋ ಊರುಗಳಲ್ಲಿ ಇದು ಇಂದಿಗೂ ಮುಗಿದಿಲ್ಲ. ದಲಿತರನ್ನು ದೂರ ನಿಲ್ಲಿಸಲು ಹಿಡಿದ ಹಗ್ಗವನ್ನೇ ಈಗ ಮುಸ್ಲಿಮರ ಮುಂದೆ ಹಿಡಿದಿದ್ದಾರೆ. ಆದ್ದರಿಂದ ನಮಗಷ್ಟೇ ದಾರಿ ಬಿಡಿ ಎಂದು ಕೇಳುವುದು ಸ್ವಾರ್ಥವಾಗುತ್ತದೆ. ಹಗ್ಗ ತೆಗೆಯಿರಿ ಎಂದು ಕೇಳಬೇಕು.

ನೋಡುವವರಿಗೂ ಒಂದು ಮರ್ಯಾದೆ ಬೇಕು. ದೇವರು ಮೈಮೇಲೆ ಬಂದ ಹೆಂಗಸಿನ ಮುಖಕ್ಕೆ ಮೊಬೈಲ್ ಹಿಡಿದು ನಗುವುದು ಕುತೂಹಲವಲ್ಲ, ಹಗಲು ದರೋಡೆ. ಬೆಂಗಳೂರಿನಿಂದ ಕಾರಿನಲ್ಲಿ ಬಂದು, ಸೋಮನ ಜೊತೆ ಫೋಟೊ ತೆಗೆಸಿಕೊಂಡು, ಅದನ್ನು ಹೊತ್ತವನ ಹೆಸರನ್ನೂ ಕೇಳದೆ ಹೋಗುವವರು ಏನನ್ನೂ ನೋಡಿಲ್ಲ. ಚಪ್ಪಲಿ ಬಿಡಿ ಎಂದಲ್ಲಿ ಬಿಡಬೇಕು, ಬೇಡವೆಂದಲ್ಲಿ ನಿಲ್ಲಬೇಕು, ತಿಳಿಯದ್ದನ್ನು ಪಕ್ಕದವರನ್ನು ಕೇಳಬೇಕು. ಕೇಳಿದವನಿಗೆ ಹೇಳಲು ನಮ್ಮ ಹಳ್ಳಿಗರು ಬೇಸರಪಡುವುದಿಲ್ಲ.

ಬ್ಯಾನರ್‌ಗಳ ಆ 2022ರ ಏಪ್ರಿಲ್‌ನಲ್ಲೇ ಬೆಂಗಳೂರು ಕರಗ ಎಂದಿನಂತೆ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಯಿತು. ಬೇಲೂರು ಚೆನ್ನಕೇಶವನ ರಥೋತ್ಸವ ವಿರೋಧದ ನಡುವೆಯೂ ಕುರಾನ್ ಪಠಣದ ರೂಢಿಯನ್ನು ಬಿಡಲಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇಷ್ಟು ಸಾಕು. ತೆಂಗಿನ ಸೀಮೆಯ ಜಾತ್ರೆ ಸಮಿತಿಗಳು ತಮ್ಮ ಕರಪತ್ರದಲ್ಲಿ ‘ಸರ್ವರಿಗೂ ಸ್ವಾಗತ’ ಎಂದು ಅಚ್ಚು ಹಾಕಿಸುತ್ತವೆ. ಆ ಎರಡು ಪದಗಳಿಗೆ ಬದ್ಧರಾಗಿರಲಿ, ಬೇರೇನೂ ಬೇಡ. ನಮ್ಮವರೂ ಈ ಸಲ ಮಕ್ಕಳ ಕೈ ಹಿಡಿದು ತೇರು ನೋಡಲು ಹೋಗಲಿ. ನೆರೆಮನೆಯ ಹಬ್ಬವನ್ನು ಕಣ್ಣಾರೆ ಕಂಡ ಮಗುವಿಗೆ ನೆರೆಮನೆಯವರ ಬಗ್ಗೆ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ.