ಯಾವ ಹೊಳೆ, ಯಾವ ಹೊತ್ತು: ಕಯಾಕಿಂಗ್ ಮತ್ತು ಗಡಿನಾಡಿನ ಕನ್ನಡ

ಎರಡೂ ತುದಿಗಳಲ್ಲಿ ಅಲಗುಳ್ಳ ಹುಟ್ಟಿನಿಂದ ಒಬ್ಬರೋ ಇಬ್ಬರೋ ಕುಳಿತು ನಡೆಸುವ ಕಿರುದೋಣಿ ಕಯಾಕ್. ಕೇರಳದ ಪ್ರವಾಸೋದ್ಯಮದಲ್ಲಿ ಅದೀಗ ಪರಿಚಿತ ಹೆಸರು. ಕೋಝಿಕ್ಕೋಡಿನ ಬೆಟ್ಟದ ಹೊಳೆಗಳಿಂದ ನಮ್ಮ ಜಿಲ್ಲೆಯ ವಲಿಯಪರಂಬ ಹಿನ್ನೀರಿನವರೆಗೂ ಅದು ಬಂದಿದೆ. ರಜೆ ಬಂದೊಡನೆ ನಾವೂ ಹೋಗೋಣವೆಂದು ಮಕ್ಕಳು ಕೇಳುವುದು ಸಹಜ. ಹೋಗಬಾರದೆನ್ನಲು ಕಾರಣವಿಲ್ಲ. ಆದರೆ ಯಾವ ಹೊಳೆ, ಯಾವ ಹೊತ್ತು ಎಂಬುದನ್ನು ಮೊದಲು ನಿರ್ಧರಿಸಬೇಕು. ಅದಕ್ಕೆ ಬೇಕಾದ ಮಾಹಿತಿ ನಮಗೆ ಯಾವ ಭಾಷೆಯಲ್ಲಿ ದೊರೆಯುತ್ತದೆ ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ.

ಹರಿಯುವ ನೀರಿನ ಕಾಠಿಣ್ಯವನ್ನು ಅಂತಾರಾಷ್ಟ್ರೀಯವಾಗಿ 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಒಂದನೆಯದು ಸಣ್ಣ ಅಲೆಗಳ ಸರಾಗ ಹರಿವು, ಆರನೆಯದು ಪರಿಣತರಿಗೂ ಪ್ರಾಣಾಪಾಯ. ಈ ದರ್ಜೆ ಹೊಳೆಯ ಹೆಸರಿಗೆ ಅಂಟಿಕೊಂಡಿರುವುದಿಲ್ಲ. ನೀರಿನ ಮಟ್ಟದೊಂದಿಗೆ ಬದಲಾಗುತ್ತದೆ. ಕೋಝಿಕ್ಕೋಡು ಜಿಲ್ಲೆಯ ಕೋಡಂಚೇರಿ ಪರಿಸರದಲ್ಲಿ ಮಳೆಗಾಲದಲ್ಲಿ ನಡೆಯುವ ಮಲಬಾರ್ ನದಿ ಉತ್ಸವಕ್ಕೆ ವಿದೇಶೀ ಸ್ಪರ್ಧಿಗಳು ಬರುವುದು ನೀರು ಬಿಳಿನೊರೆಯಾಗಿ ಧುಮ್ಮಿಕ್ಕುತ್ತದೆ ಎಂಬ ಕಾರಣಕ್ಕೇ. ಆ ದೃಶ್ಯಗಳನ್ನು ನೋಡಿ ಮಳೆಗಾಲದಲ್ಲಿ ನಮ್ಮೂರ ಹೊಳೆಗಿಳಿಯುವುದು ಸಲ್ಲದು.

ಪಯಸ್ವಿನಿಯನ್ನೇ ನೋಡೋಣ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಗಡಿ ದಾಟಿ ಬರುವ ಈ ಹೊಳೆ ಚಂದ್ರಗಿರಿಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಇಲ್ಲಿ ಬಿಸಿಲಿದ್ದರೂ ಸಂಪಾಜೆಯ ಮೇಲಿನ ಘಟ್ಟದಲ್ಲಿ ಮಳೆ ಸುರಿದರೆ ಕೆಲವು ತಾಸುಗಳಲ್ಲಿ ಇಲ್ಲಿಯ ನೀರು ಏರಬಹುದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಸುತ್ತ ಗುಡ್ಡ ಕುಸಿದಾಗ ಅಲ್ಲಿಯ ಮಣ್ಣು ಮರಗಳು ಈ ಹೊಳೆಗೇ ಇಳಿದವು. ನೀರಿಗೆ ರಾಜ್ಯಗಳ ಗಡಿಯಿಲ್ಲ. ಸುದ್ದಿಗೆ ಮಾತ್ರ ಇದೆ. ಮೇಲಿನ ಮಳೆಯ ಸುದ್ದಿ ಕನ್ನಡದಲ್ಲಿ ಬರುತ್ತದೆ, ಕೆಳಗಿನ ದಡದ ಎಚ್ಚರಿಕೆ ಮಲಯಾಳದಲ್ಲಿರುತ್ತದೆ. ಎರಡನ್ನೂ ಕೂಡಿಸಿ ಓದಬಲ್ಲವರಷ್ಟೇ ಈ ಹೊಳೆಯನ್ನು ಸರಿಯಾಗಿ ಅರಿತವರು.

ಮಳೆಗಾಲ ಮುಗಿದ ಬಳಿಕದ ಅಪಾಯ ಬೇರೆ ಬಗೆಯದು. ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸಿದಾಗ ಮೇಲ್ಭಾಗದಲ್ಲಿ ನೀರು ಕೆರೆಯಂತೆ ಶಾಂತವಾಗಿ ನಿಲ್ಲುತ್ತದೆ. ದೋಣಿಯಲ್ಲಿ ಬರುವವರಿಗೆ ಕಟ್ಟದ ಅಂಚು ಒಂದು ನಯವಾದ ಗೆರೆಯಂತೆ ಮಾತ್ರ ಕಾಣುತ್ತದೆ. ಅಂಚಿನ ಮೇಲಿಂದ ಬೀಳುವ ನೀರು ಕೆಳಗೆ ಹಿಮ್ಮರಳಿ ಸುತ್ತುವಾಗ ಅದರಲ್ಲಿ ಸಿಲುಕಿದವರು ರಕ್ಷಣಾ ಕವಚ ಧರಿಸಿದ್ದರೂ ಹೊರಬರುವುದು ಕಷ್ಟ. ದೂರದಲ್ಲೇ ದಡಕ್ಕಿಳಿದು ದೋಣಿಯನ್ನು ಹೊತ್ತು ದಾಟುವುದೊಂದೇ ದಾರಿ.

ಹಾಗಾದರೆ ಕುಟುಂಬಗಳಿಗೆ ಒಪ್ಪುವ ನೀರು ಯಾವುದು? ಡಿಸೆಂಬರದಿಂದ ಫೆಬ್ರವರಿಯವರೆಗೆ, ಬೆಳಗಿನ ಹೊತ್ತು, ಅಳಿವೆಯಿಂದ ದೂರವಿರುವ ಹಿನ್ನೀರು. ಕಡಲಿನ ಭರತ ಇಳಿತಗಳು ಸುಮಾರು ಆರು ತಾಸಿಗೊಮ್ಮೆ ಬದಲಾಗುತ್ತವೆ. ಭರತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಭರತದಲ್ಲಿ ಮೇಲಕ್ಕೆ ಸಾಗಿ ಇಳಿತದಲ್ಲಿ ಹಿಂದಿರುಗಿದರೆ ನೀರೇ ನೆರವಾಗುತ್ತದೆ. ಇಳಿತದ ವೇಳೆ ಅಳಿವೆಯ ಬಳಿಯಿದ್ದರೆ ಅದೇ ನೀರು ಕಡಲಿಗೆ ಎಳೆಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಈ ಸೆಳೆತ ಇನ್ನಷ್ಟು ಬಲವಾದುದು. ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಮಧ್ಯಾಹ್ನದ ಬಳಿಕ ಸಿಡಿಲಿನ ಭಯವಿರುವುದರಿಂದ ತೆರೆದ ನೀರಿನಲ್ಲಿರಬಾರದು.

ಜಲವಿಹಾರದಲ್ಲಿ ನಿಯಮ ಮೀರಿದರೆ ಏನಾಗುತ್ತದೆಂಬುದನ್ನು 2023ರ ಮೇ 7ರಂದು ತಾನೂರು ತೋರಿಸಿತು. ಮಿತಿಮೀರಿ ಜನರನ್ನು ತುಂಬಿದ್ದ ವಿಹಾರದೋಣಿ ಮಗುಚಿ 22 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಅನೇಕರಿದ್ದರು. ಕಯಾಕ್ ಚಿಕ್ಕದಾದರೂ ಪಾಠ ಒಂದೇ. ಮಗುವಿನ ಅಳತೆಗೆ ಸರಿಯಾದ ರಕ್ಷಣಾ ಕವಚವಿಲ್ಲದಿದ್ದರೆ, ಜೊತೆಯಲ್ಲಿ ತರಬೇತಾದವರಿಲ್ಲದಿದ್ದರೆ, ಹಣ ಕೊಟ್ಟಾಗಿದೆಯೆಂದು ದೋಣಿ ಹತ್ತಬಾರದು.

ಇಲ್ಲಿಯೇ ಭಾಷೆಯ ಪ್ರಶ್ನೆ ಎದುರಾಗುತ್ತದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಅನೇಕರಿಗೆ ಮಲಯಾಳದ ಮಾತು ತಿಳಿಯುತ್ತದೆ. ಫಲಕವನ್ನು ಒಂದೇ ನೋಟಕ್ಕೆ ಓದಿ ಅರಿಯುವುದು ಬೇರೆಯೇ ಮಾತು. ನೀರಿನಂಚಿನಲ್ಲಿ ಓದಲು ದೊರೆಯುವುದು ಆ ಒಂದು ನೋಟ ಮಾತ್ರ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದ ಕಡೆಗಳ ಸರಕಾರಿ ಕಚೇರಿಗಳೊಂದಿಗೆ ಕನ್ನಡಿಗರು ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದೆಂದೂ ಉತ್ತರವೂ ಕನ್ನಡದಲ್ಲೇ ಬರಬೇಕೆಂದೂ ಹೇಳುತ್ತದೆ. ಹೊಳೆಬದಿಯ ಎಚ್ಚರಿಕೆಯ ಫಲಕ ಕನ್ನಡದಲ್ಲೂ ಇರಲಿ ಎಂದು ಕೇಳಲು ಈ ದಾರಿಯನ್ನು ಬಳಸಬಹುದು. ಇದು ಅಭಿಮಾನದ ಬೇಡಿಕೆಯಷ್ಟೇ ಅಲ್ಲ, ಜೀವರಕ್ಷಣೆಯ ಬೇಡಿಕೆ. ಮಂಗಳೂರು, ಪುತ್ತೂರುಗಳಿಂದ ಬರುವ ಪ್ರವಾಸಿಗರಿಗೂ ಅದರಿಂದ ಪ್ರಯೋಜನವಿದೆ.

ಶಾಲೆಗಳ ರಕ್ಷಕ ಶಿಕ್ಷಕ ಸಂಘಗಳು ತಮ್ಮೂರ ಹೊಳೆಯ ಅಪಾಯದ ಕಯ, ಕಟ್ಟ, ಸುಳಿಗಳನ್ನು ಹಿರಿಯರಿಂದ ಕೇಳಿ ಪಟ್ಟಿಮಾಡಿ, ಅದರೊಡನೆ ಮನವಿಯನ್ನು ಕನ್ನಡದಲ್ಲಿ ಸಲ್ಲಿಸಲಿ. ಹೊಳೆಯ ಆಳವನ್ನು ಬಲ್ಲ ಅಂಬಿಗರು, ಮೀನುಗಾರರು ನಮ್ಮ ನಡುವೆ ಇನ್ನೂ ಇದ್ದಾರೆ. ಮಕ್ಕಳು ನೀರಿಗಿಳಿಯುವ ಮೊದಲು ಅವರ ತಿಳಿವಳಿಕೆ ಫಲಕದ ಮೇಲೆ ಬರಬೇಕು.