ದಶಕಗಳ ಗಾಯಕ್ಕೆ ವರ್ಷದ ಲೆಕ್ಕದ ಹಣ

2020ರ ಜನವರಿ 8ರಂದು ಇರಾಕಿನ ಅಲ್ ಅಸಾದ್ ವಾಯುನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದಾಗ ಅಮೆರಿಕದ ಒಬ್ಬ ಸೈನಿಕನೂ ಸಾಯಲಿಲ್ಲ. ಯಾರಿಗೂ ಏನೂ ಆಗಿಲ್ಲ ಎಂದು ಅಧ್ಯಕ್ಷ ಟ್ರಂಪ್ ದೇಶಕ್ಕೆ ತಿಳಿಸಿದರು. ಆಮೇಲೆ ಒಬ್ಬೊಬ್ಬರೇ ವೈದ್ಯರ ಬಳಿ ಬರತೊಡಗಿದರು. ಕೆಲವರಿಗೆ ತಲೆನೋವು ಬಿಡುತ್ತಿರಲಿಲ್ಲ, ಇನ್ನು ಕೆಲವರಿಗೆ ಬೆಳಕು ಕಂಡರೆ ಆಗುತ್ತಿರಲಿಲ್ಲ. ಅದೇನು ಅಷ್ಟು ಗಂಭೀರವಲ್ಲ ಎಂದು ಟ್ರಂಪ್ ಮತ್ತೆ ತಳ್ಳಿಹಾಕಿದರು. ಕೊನೆಗೆ, ನೂರಕ್ಕೂ ಹೆಚ್ಚು ಮಂದಿಯ ಮಿದುಳಿಗೆ ಪೆಟ್ಟಾಗಿದೆ ಎಂದು ಪೆಂಟಗನ್ನೇ ಒಪ್ಪಬೇಕಾಯಿತು.

ರಕ್ತ ಕಾಣಿಸದ, ಸಿಟಿ ಸ್ಕ್ಯಾನಿನಲ್ಲೂ ಬಹಳ ಸಲ ಪತ್ತೆಯಾಗದ ಗಾಯವಿದು. 2000ದಿಂದ ಈಚೆಗೆ ಅಮೆರಿಕದ 5 ಲಕ್ಷಕ್ಕೂ ಹೆಚ್ಚು ಸೈನಿಕರಲ್ಲಿ ಇದನ್ನು ಗುರುತಿಸಲಾಗಿದೆ. ಅದರಲ್ಲಿ ಶೇ 80ಕ್ಕಿಂತ ಹೆಚ್ಚಿನವು ಲಘು ಪೆಟ್ಟುಗಳೆಂದು ದಾಖಲಾಗಿವೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಸುಧಾರಿಸಿಕೊಳ್ಳದೆ ಉಳಿದವರು ಸಮವಸ್ತ್ರ ಕಳಚಿ ಮನೆಗೆ ಬಂದ ಮೇಲೆ ನಿದ್ದೆಗೆಟ್ಟು, ಸಿಡುಕಿ, ಕೆಲಸ ಕಳೆದುಕೊಂಡು ಒದ್ದಾಡುತ್ತಾರೆ. ಅವರಿಗೆ ಏನು ಚಿಕಿತ್ಸೆ ಕೊಡಬೇಕು ಎಂಬುದಕ್ಕೆ ಇಷ್ಟು ವರ್ಷಗಳ ನಂತರವೂ ಗಟ್ಟಿ ಉತ್ತರವಿಲ್ಲ.

ಹಾಗೆಂದು ಹಣ ಸುರಿದಿಲ್ಲವೆಂದಲ್ಲ. ಇರಾಕ್ ಯುದ್ಧ ತೀವ್ರವಾಗಿದ್ದ 2007ರಲ್ಲಿ ಅಮೆರಿಕದ ಸಂಸತ್ತು ಒಂದೇ ಏಟಿಗೆ ಸುಮಾರು 30 ಕೋಟಿ ಡಾಲರ್ ಕೊಟ್ಟಿತು. ಅರ್ಧ ಮಿದುಳಿನ ಗಾಯದ ಸಂಶೋಧನೆಗೆ, ಅರ್ಧ ಸೈನಿಕರ ಮಾನಸಿಕ ಆರೋಗ್ಯಕ್ಕೆ. ಈ ಹಣ ಬರುವ ದಾರಿಯೇ ವಿಚಿತ್ರ. 1992ರಲ್ಲಿ ಸ್ತನ ಕ್ಯಾನ್ಸರ್ ಸಂಶೋಧನೆಗೆಂದು ರಕ್ಷಣಾ ಬಜೆಟ್‌ನೊಳಗೆ ತೆರೆದ ಬಾಬತ್ತಿನ ಮೂಲಕ ಅದು ಹರಿಯುತ್ತದೆ. ಪೆಂಟಗನ್ ತಾನಾಗಿ ಇದನ್ನು ಕೇಳುವುದಿಲ್ಲ. ಸಂಸದರು ವರ್ಷವರ್ಷವೂ ತಾವೇ ಸೇರಿಸಬೇಕು. ಟಿ.ವಿ.ಯಲ್ಲಿ ಯುದ್ಧ ಕಾಣುತ್ತಿರುವಷ್ಟು ಕಾಲ ಸೇರಿಸಲು ಪೈಪೋಟಿ, ಆಮೇಲೆ ಚೌಕಾಸಿ. 2025ರ ಮಾರ್ಚ್‌ನಲ್ಲಿ ಹಳೆಯ ಬಜೆಟ್ಟನ್ನೇ ಮುಂದುವರಿಸುವ ಕಾನೂನು ಬಂದಾಗ, ಸುಮಾರು 150 ಕೋಟಿ ಡಾಲರಿನಷ್ಟಿದ್ದ ಈ ಇಡೀ ಬಾಬತ್ತು 65 ಕೋಟಿಗೆ ಕುಸಿಯಿತು. ಬೇರೆ ಬೇರೆ ರೋಗಗಳ ಸಂಶೋಧಕರು ಆ ವರ್ಷ ಅದರಲ್ಲೇ ಹಂಚಿಕೊಳ್ಳಬೇಕಾಯಿತು.

ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ, ಅವಧಿಯ ಬಗ್ಗೆ. 2004ರಲ್ಲಿ ಇರಾಕಿನ ಫಲ್ಲೂಜಾದಲ್ಲಿ ಬಾಂಬಿಗೆ ಸಿಕ್ಕ ಇಪ್ಪತ್ತರ ಹುಡುಗನಿಗೆ ಈಗ ನಲವತ್ತು ದಾಟಿದೆ. ಅವನ ಮಿದುಳಿಗೆ ನಿಜವಾಗಿ ಏನಾಯಿತು ಎಂಬುದು ಇನ್ನು ಇಪ್ಪತ್ತು ವರ್ಷದ ಮೇಲೆ ತಿಳಿಯುವ ಸಂಗತಿ. ಅದನ್ನು ತಿಳಿಯಬೇಕಾದರೆ ಅವನನ್ನು ಬಿಡದೆ ಹಿಂಬಾಲಿಸಬೇಕು. ಈ ಬಗೆಯ ಕೆಲಸ ನಡೆದೇ ಇಲ್ಲವೆಂದಲ್ಲ. 2013ರಲ್ಲಿ ವರ್ಜಿನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 6.2 ಕೋಟಿ ಡಾಲರಿನ ಸಂಶೋಧನಾ ಒಕ್ಕೂಟವೊಂದು ಶುರುವಾಯಿತು, 2019ರಲ್ಲಿ ಇನ್ನೊಂದು ಹೆಸರಿನಲ್ಲಿ ಮುಂದುವರಿಯಿತು. ಇದರ ಸಂಶೋಧಕರು 3.5 ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರ ದಾಖಲೆಗಳನ್ನು ಜಾಲಾಡಿ 2018ರಲ್ಲಿ ಹೇಳಿದ್ದು ಗಾಬರಿ ಹುಟ್ಟಿಸುವಂಥದ್ದು: ಪ್ರಜ್ಞೆ ತಪ್ಪಿಸದಷ್ಟು ಲಘು ಪೆಟ್ಟು ತಿಂದವರಲ್ಲೂ ಡಿಮೆನ್ಶಿಯಾದ ಅಪಾಯ ಪೆಟ್ಟಾಗದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಇಂಥ ಉತ್ತರ ಹನ್ನೆರಡು ತಿಂಗಳ ಅನುದಾನಕ್ಕೆ ಸಿಗುವುದಿಲ್ಲ.

ಪತ್ತೆ ಹಚ್ಚುವ ವಿಷಯದಲ್ಲಿ ಖರ್ಚು ಫಲ ಕೊಟ್ಟಿದೆ ಎನ್ನಬೇಕು. ಪೆಟ್ಟಾದ ಮಿದುಳಿನಿಂದ ರಕ್ತಕ್ಕೆ ಸೋರುವ ಎರಡು ಪ್ರೋಟೀನುಗಳನ್ನು ಅಳೆಯುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಅನುಮತಿ ಕೊಟ್ಟರು. 2024ರಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲೇ ಮಾಡಬಹುದಾದ ಅಬಾಟ್ ಕಂಪನಿಯ ಪರೀಕ್ಷೆಯೂ ಬಂತು. ಇದರ ಹಿಂದೆ ಸೇನೆಯ ಹಣವಿದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ತಲೆ ಒಡೆದುಕೊಂಡು ಬರುವವರಲ್ಲಿ ಹೆಚ್ಚಿನವರು ಬೈಕಿನಿಂದ ಬಿದ್ದವರೋ ರಸ್ತೆ ದಾಟುತ್ತಿದ್ದವರೋ ಆಗಿರುತ್ತಾರೆ. ಯಾರಿಗೆ ತಕ್ಷಣ ಸ್ಕ್ಯಾನ್ ಬೇಕು, ಯಾರು ಕಾಯಬಹುದು ಎಂದು ಒಂದು ಹನಿ ರಕ್ತ ಹೇಳುವಂತಾದರೆ ಸ್ಕ್ಯಾನ್ ಯಂತ್ರವೇ ಇಲ್ಲದ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಅದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ.

ಚಿಕಿತ್ಸೆಯ ಕತೆ ಬೇರೆ. ಬಹಳ ಆಸೆ ಹುಟ್ಟಿಸಿದ್ದ ಪ್ರೊಜೆಸ್ಟೆರಾನ್ ಹಾರ್ಮೋನು 2014ರ ಎರಡು ದೊಡ್ಡ ಪ್ರಯೋಗಗಳಲ್ಲಿ ಸೋತಿತು. ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಡುವ ಚಿಕಿತ್ಸೆಯ ಪ್ರಸಂಗ ಇನ್ನೂ ಸ್ವಾರಸ್ಯಕರ. ಸೇನೆ 72 ಮಂದಿಯನ್ನು ಮೂರು ಗುಂಪು ಮಾಡಿ ಪರೀಕ್ಷಿಸಿತು. ಒಂದಕ್ಕೆ ನಿತ್ಯದ ಚಿಕಿತ್ಸೆ, ಇನ್ನೊಂದಕ್ಕೆ ಕೋಣೆಯಲ್ಲಿ ಆಮ್ಲಜನಕ, ಮೂರನೆಯದಕ್ಕೆ ಅದೇ ಕೋಣೆಯಲ್ಲಿ ತುಸು ಒತ್ತಡದ ಸಾದಾ ಗಾಳಿ. ಕೋಣೆ ಹೊಕ್ಕ ಎರಡೂ ಗುಂಪಿನವರು ಸುಧಾರಿಸಿದರು, ಹೆಚ್ಚುಕಡಿಮೆ ಒಂದೇ ಸಮ. ಅಂದರೆ ಗುಣ ಕೊಟ್ಟದ್ದು ಆಮ್ಲಜನಕವಲ್ಲ. ದಿನವೂ ಯಾರೋ ಕರೆದು, ಕೂರಿಸಿ, ಹೇಗಿದ್ದೀಯ ಎಂದು ಕೇಳಿದ್ದು ಇದ್ದೀತು. ಆ ಸಾದಾ ಗಾಳಿಯ ಒತ್ತಡವೂ ಒಂದು ಬಗೆಯ ಚಿಕಿತ್ಸೆಯೇ ಎಂಬುದು ಬೆಂಬಲಿಗರ ವಾದ. ವಾದ ಮುಗಿಯುವ ಮೊದಲೇ ಮಾಜಿ ಸೈನಿಕರಿಗೆ ಆಮ್ಲಜನಕದ ಈ ಚಿಕಿತ್ಸೆಯನ್ನು ಒದಗಿಸಬೇಕೆಂಬ ಮಸೂದೆ ಸಂಸತ್ತಿನಲ್ಲಿದೆ. ಹಣವೆಲ್ಲಿಂದ ಎಂದರೆ, ದೇಣಿಗೆಯಿಂದ! ದೇಶಕ್ಕಾಗಿ ಪೆಟ್ಟು ತಿಂದವನ ಮುಂದೆ ಹುಂಡಿ ಇಡುವ ಈ ಯೋಚನೆ ಯಾರಿಗೆ ಹೊಳೆಯಿತೋ.

ಸರ್ಕಾರದ ಸಂಶೋಧನೆ ಬಿಟ್ಟ ಜಾಗವನ್ನು ಅನುಭವದ ಮಾತುಗಳು ತುಂಬುತ್ತವೆ. ವಿಶೇಷ ಪಡೆಗಳ ಮಾಜಿ ಯೋಧರು ಗಡಿ ದಾಟಿ ಮೆಕ್ಸಿಕೋಗೆ ಹೋಗಿ ಇಬೊಗೈನ್ ಸೇವಿಸಿ ಬರುತ್ತಿದ್ದಾರೆ. ಮಧ್ಯ ಆಫ್ರಿಕಾದ ಗಿಡವೊಂದರ ಬೇರಿನ ತೊಗಟೆಯಲ್ಲಿರುವ ಈ ಮಾದಕ ವಸ್ತು ಅಮೆರಿಕದಲ್ಲಿ ನಿಷಿದ್ಧ. ಹೃದಯದ ಬಡಿತವನ್ನೇ ಏರುಪೇರು ಮಾಡಿ ಪ್ರಾಣ ತೆಗೆಯಬಲ್ಲದ್ದು. 2024ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಂಥ 30 ಮಂದಿಯನ್ನು ಪರೀಕ್ಷಿಸಿ, ಖಿನ್ನತೆ ಮತ್ತು ಆತಂಕ ಬಹುಪಾಲು ಇಳಿದಿದೆ ಎಂದರು. ಅಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. ಒತ್ತಡದ ಕೋಣೆಯ ಪಾಠ ನೆನಪಿರುವವರು ಇಲ್ಲಿ ಸ್ವಲ್ಪ ತಡೆದು ನೋಡಬೇಕು. ಆದರೂ ಮೆಕ್ಸಿಕೋಗೆ ಹೋದವರನ್ನು ಹಂಗಿಸುವ ಹಕ್ಕು ನನಗಂತೂ ಇಲ್ಲ. ಸ್ವಂತ ದೇಶದ ಆಸ್ಪತ್ರೆಗಳಲ್ಲಿ ಪ್ರಯೋಜನ ಕಾಣದೆ ಹೋದವರು ಅವರು. 2025ರಲ್ಲಿ ಟೆಕ್ಸಸ್ ರಾಜ್ಯ ಇಬೊಗೈನ್ ಪ್ರಯೋಗಗಳಿಗೆ 5 ಕೋಟಿ ಡಾಲರ್ ತೆಗೆದಿಟ್ಟಿದ್ದು ಈ ಕಾರಣಕ್ಕೆ ಸರಿಯಾದ ಹೆಜ್ಜೆಯೇ. ಆ ಹಣ ‘ಗುಣವಾಯಿತು’ ಎಂಬ ಮಾತಿಗೆ ಮುದ್ರೆ ಒತ್ತಲು ಖರ್ಚಾಗಬಾರದು, ಆ ಮಾತನ್ನು ಒರೆಗೆ ಹಚ್ಚಲು ಖರ್ಚಾಗಬೇಕು. ಇಬೊಗೈನ್ ಸೋತರೂ ಆ ಹಣ ನಷ್ಟವಲ್ಲ. ಪ್ರೊಜೆಸ್ಟೆರಾನ್ ಸೋತಿದ್ದು ಗೊತ್ತಾದ್ದರಿಂದಲೇ ಎಷ್ಟೋ ಗಾಯಾಳುಗಳು ಬೇಡದ ಔಷಧದಿಂದ ಪಾರಾದರು. ಶಾಸಕರಿಗೆ ಇದನ್ನು ಮತದಾರರ ಮುಂದೆ ಹೇಳಿಕೊಳ್ಳುವುದು ಕಷ್ಟ, ಅಷ್ಟೆ.

ಇನ್ನೊಂದು ವಿಷಯಕ್ಕೆ ಹಣವೂ ಕಡಿಮೆ, ಉತ್ಸಾಹವೂ ಕಡಿಮೆ. ಶತ್ರುವಿನ ಬಾಂಬಿನಿಂದಷ್ಟೇ ಈ ಪೆಟ್ಟು ಬೀಳುವುದಿಲ್ಲ. ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್, ದಿನವಿಡೀ ಗುಡುಗುವ ಸ್ವಂತ ಫಿರಂಗಿ, ತರಬೇತಿಯ ಗ್ರೆನೇಡು ಎಲ್ಲವೂ ತಲೆಯ ಮೇಲೆ ಒತ್ತಡದ ಅಲೆ ಎಬ್ಬಿಸುತ್ತವೆ. ಸ್ಫೋಟಕ್ಕೆ ಸಿಕ್ಕು ನಂತರ ತೀರಿಕೊಂಡ ಸೈನಿಕರ ಮಿದುಳಿನಲ್ಲಿ ವಿಶಿಷ್ಟವಾದ ಕಲೆಗಳಿರುವುದನ್ನು ಸೇನೆಯದೇ ವೈದ್ಯಕೀಯ ವಿಶ್ವವಿದ್ಯಾಲಯದ ಡೇನಿಯಲ್ ಪರ್ಲ್ 2016ರಲ್ಲಿ ತೋರಿಸಿದ್ದರು. ಒತ್ತಡ ಚದರ ಇಂಚಿಗೆ 4 ಪೌಂಡ್ ಮೀರಬಹುದಾದ ಕಡೆ ಎಚ್ಚರ ವಹಿಸಿ, ತರಬೇತಿಯಲ್ಲಿ ದೂರ ನಿಲ್ಲಿ ಎಂಬ ಆದೇಶ ಪೆಂಟಗನ್‌ನಿಂದ ಹೊರಟಿದ್ದು 2024ರ ಆಗಸ್ಟ್‌ನಲ್ಲಿ. ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುವುದಕ್ಕೆ ಪ್ರಯೋಗಾಲಯವೂ ಬೇಡ, ಅನುದಾನವೂ ಬೇಡ.