ಹಿಂದ ಕೂತಾಕಿ ಭಾರಾನೂ ಲೆಕ್ಕಕ್ಕ ಹಿಡೀರಿ

ಅಕ್ಕಾರ, ವೈನಿಯಾರ, ನಮ್ಮ ಓಣಿ ಗೆಳತ್ಯಾರ, ಈ ಸಲ ಅಡಗಿಮನಿ ಬಿಟ್ಟು ಅಂಗಳದಾಗ ನಿಂತ ಗಾಡಿ ಬಗ್ಗೆ ಬರೀಬೇಕು ಅನಿಸ್ಯದ. "ಗಾಡಿ ಸುದ್ದಿ ಗಂಡಸರದು, ನಮಗ್ಯಾಕ" ಅಂತ ಇಲ್ಲೇ ಬಿಟ್ಟು ಹೋಗಬ್ಯಾಡ್ರಿ. ಗಾಡಿ ಹೊಡಿಯೋರು ಅವರಿರಬಹುದು. ಆದ್ರ ಹಿಂದಿನ ಸೀಟಿನ ಮ್ಯಾಲೆ ಇಪ್ಪತ್ತು-ಮೂವತ್ತು ವರ್ಷ ಕೂತು ಊರಿನ ತಗ್ಗು-ದಿಣ್ಣಿ ಎಲ್ಲಾ ಸೊಂಟದಾಗ ಎಣಿಸಿದವರು ನಾವು. ನಾ ಹೇಳೋ ಮಾತು ಒಂದ: ಇಬ್ಬರು ಕೂತು ಘಟ್ಟದ ಹಾದಿ ಹಿಡಿಯೋ ಮುಂಚೆ ಹಿಂದಿನ ಶಾಕಪ್ಪು ಇಬ್ಬರ ಭಾರಕ್ಕ ಹೊಂದಿಸಿರಬೇಕು. ಹೊಂದಿಸಿಲ್ಲಂದ್ರ ಬಾಯಿಬಿಟ್ಟು ಕೇಳಬೇಕು. ಅದನ್ನ ಕೇಳೋದು ಹಿಂದ ಕೂಡಾಕಿ ಹಕ್ಕು.

ನಮ್ಮ ತಮ್ಮನ ಗ್ಯಾರೇಜು ನಮ್ಮ ಓಣ್ಯಾಗ ಅದ. ಚಹಾ ಕೊಡ್ಲಿಕ್ಕೆ ಹೋದಾಗ ನೋಡಿ, ಕೇಳಿ ತಿಳ್ಕೊಂಡದ್ದನ್ನ ನನ್ನ ಮಾತಿನ್ಯಾಗ ಹೇಳ್ತೀನಿ. ಹಿಂದಿನ ಗಾಲಿಯ ಎಡಕ್ಕೊಂದು ಬಲಕ್ಕೊಂದು ಸ್ಪ್ರಿಂಗ್ ಸುತ್ತಿದ ನಳಿಗಿ ಇರ್ತಾವಲ್ಲಾ, ಅವೇ ಶಾಕಪ್ಪು. ಆ ಸ್ಪ್ರಿಂಗಿನ ತುದಿಗೆ ಮೆಟ್ಟಿಲು ಮೆಟ್ಟಿಲಾಗಿ ಕೊರದ ಒಂದು ಉಂಗುರ ಇರ್ತದ. ಸ್ಪ್ಲೆಂಡರಿಗೆ ಇಂಥಾ 5 ಮೆಟ್ಟಿಲು, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕ 6. ಗಾಡಿ ಜೊತಿಗೆ ಕೊಡೋ ಹತಾರದ ಚೀಲದಾಗ ಕೊಕ್ಕೆಯಂಥಾ ಒಂದು ಪಾನಾ ಇದ್ರ ಅದು ಈ ಉಂಗುರ ತಿರುವ್ಲಿಕ್ಕೇ ಕೊಟ್ಟದ್ದು. ಎಷ್ಟೋ ಮನ್ಯಾಗ ಆ ಪಾನಾ ಪ್ಲಾಸ್ಟಿಕ್ ಚೀಲದಿಂದ ಹೊರಗ ಬಂದೇ ಇರಂಗಿಲ್ಲ.

ಉಂಗುರ ಒಂದು ಮೆಟ್ಟಿಲು ಮ್ಯಾಲೆ ತಿರುವಿದ್ರ ಸ್ಪ್ರಿಂಗೇನು ಬ್ಯಾರೆ ಆಗಂಗಿಲ್ಲ. ಅದನ್ನ ಮೊದಲ ಒಂಚೂರು ಒತ್ತಿ ಇಟ್ಟಂಗ ಆಗ್ತದ. ಅದರಿಂದ ಇಬ್ಬರು ಕೂತ್ರೂ ಗಾಡಿಯ ಹಿಂಬದಿ ಪೂರಾ ಕೆಳಗ ಕೂಡಂಗಿಲ್ಲ. ಭಾರ ಬಿದ್ದಾಗ ಶಾಕಪ್ಪು ತನ್ನ ಓಡಾಟದ ಮೂರರಾಗ ಒಂದು ಪಾಲಿನಷ್ಟು ಇಳೀಬೇಕು, ಉಳಿದ ಎರಡು ಪಾಲು ದಿಣ್ಣಿ ಬಂದಾಗ ಕುಗ್ಗಲಿಕ್ಕೆ ಇರಬೇಕು ಅನ್ನೋದು ಒಂದು ಅಂದಾಜು. ಆ ಇಳಿದ ಒಂದು ಪಾಲೂ ಬೇಕ ಬೇಕು. ತಗ್ಗು ಬಂದಾಗ ಗಾಲಿ ಕೆಳಗ ಚಾಚಿ ನೆಲಾ ಮುಟ್ಟೋದು ಅದರಿಂದ.

ಒಬ್ಬರಿಗೆ ಹೊಂದಿಸಿದ ಗಾಡಿ ಮ್ಯಾಲೆ ನಾವು ಕೂತು, ತೊಡಿ ಮ್ಯಾಲೆ ಚೀಲ ಇಟ್ಕೊಂಡು, ಮಧ್ಯ ಮೊಮ್ಮಗನ್ನ ತುರುಕಿದ್ರ ಶಾಕಪ್ಪು ಮನಿ ಬಾಗಲದಾಗ ಅರ್ಧ ಮುಗದ ಹೋಗಿರ್ತದ. ನೆಟ್ಟನ ಹಾದ್ಯಾಗ ಇದರಿಂದ ಸೊಂಟ ನೋಯ್ತದ ಅಷ್ಟ. ತಿರುವಿನ್ಯಾಗ ಮಾತು ಬ್ಯಾರೆ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾಕ್ಕ ಇಳಿಯೋ ಅರಬೈಲ್ ಘಟ್ಟ ನೆನಸ್ಕೋರಿ. ಲಾರಿಗಳು ಬ್ರೇಕ್ ಹಾಕೋ ಜಾಗಾದಾಗ ಡಾಂಬರು ಒತ್ತಿ ಸೀರಿ ನಿರಿಗಿಯಂಗ ಮಡಿಕಿ ಬಿದ್ದಿರ್ತದ. ಅದೂ ಬರೋಬ್ಬರಿ ತಿರುವಿನ ಬಾಯಾಗ. ಗಾಡಿ ವಾಲಿದಾಗ ದಿಣ್ಣಿಯ ಏಟು ಶಾಕಪ್ಪಿಗೆ ನೇರ ಬೀಳಂಗಿಲ್ಲ, ಓರೆಯಾಗಿ ಬೀಳ್ತದ. ತಿರುವಿನ ಒತ್ತು ಸೇರಿ ಸ್ಪ್ರಿಂಗ್ ಇನ್ನಷ್ಟು ಕುಗ್ಗಿರ್ತದ. ಉಳಿದಿದ್ದ ಜಾಗಾ ಅಲ್ಲೇ ಮುಗೀತು ಅಂದ್ರ ಶಾಕಪ್ಪು ತಳಕ್ಕ "ಠಕ್" ಅಂತ ಬಡೀತದ, ಗಾಲಿ ನೆಲದಿಂದ ಪುಟೀತದ. ವಾಲಿದ ಗಾಡಿ ಗಾಲಿ ನೆಲಾ ಬಿಟ್ರ ಎತ್ತ ಜಾರ್ತದ ಅಂತ ನಾ ಹೇಳಬೇಕಾಗಿಲ್ಲ.

ಹಿಂಬದಿ ಕೂತಷ್ಟೂ ಮುಂದಿನ ಗಾಲಿ ಮ್ಯಾಲಿನ ಭಾರ ಕಡಿಮಿ ಆಗ್ತದ. ಹ್ಯಾಂಡಲ್ ಹಗುರಾಗಿ, ಗಾಡಿ ತಿರುಗಲಿಕ್ಕೆ ಮನಸ್ಸು ಮಾಡಲಾರದಂಗ ಹೊರಗ ಹೊರಗ ಹೋಗ್ತದ. ರಾತ್ರಿ ಹೆಡ್‌ಲೈಟು ಹಾದಿ ಬಿಟ್ಟು ಎದುರಿನವರ ಕಣ್ಣಿಗೆ ಹೊಡೀತದ. ವಾಲಿದಾಗ ಸ್ಟ್ಯಾಂಡು ನೆಲಕ್ಕ ತಾಗೋದೂ ಇದರಿಂದನ. ಇವೆಲ್ಲಾ ಒಂದ ಉಂಗುರ ತಿರುವಲಾರದ್ದಕ್ಕ.

ಈ ವಿಷಯ ನಾ ಇಷ್ಟು ಹಟ ಹಿಡದು ಬರೀಲಿಕ್ಕೆ ಕಾರಣ ಅದ. ನಮ್ಮ ಮಗ್ಗಲ ಮನಿಯಾಕಿ ಹೋದ ವರ್ಷ ಲಗ್ನದ ಹಂಗಾಮಿನ್ಯಾಗ ಇಂಥಾದ ಒಂದು ತಿರುವಿನ್ಯಾಗ ಗಂಡನ ಹಿಂದಿಂದ ಬಿದ್ದು ಹೆಗಲಿನ ಎಲುವು ಮುರಕೊಂಡಳು. ಆರು ವಾರ ಕೈ ಜೋಳಿಗಿಯೊಳಗ. ಮಾತಾಡಿಸಲಿಕ್ಕೆ ಬಂದವರೆಲ್ಲಾ ಏನಂದ್ರು ಗೊತ್ತೇನ್ರಿ? "ಹಿಂದಿನ ಭಾರ ಹೆಚ್ಚಾಗಿ ಗಾಡಿ ತಡಕೊಳ್ಳಲಿಲ್ಲ" ಅಂತ. ಆಕಿ ಮುಂದನ ಅಂದ್ರು, ನಕ್ಕೋತ ಅಂದ್ರು. ಆಕಿನೂ ನಕ್ಕಳು. ಮತ್ತ ಯಾರೂ ಇಲ್ಲದಾಗ ನನ್ನ ಮುಂದ ಅತ್ತಳು. ಆಮ್ಯಾಲೆ ಗಾಡಿ ತಮ್ಮನ ಕಡೆ ಬಂತು. ನೋಡಿದ್ರ ಎರಡೂ ಉಂಗುರ ಎಲ್ಲಾಕಿಂತ ಕೆಳಗಿನ ಮೆಟ್ಟಿಲಿನ್ಯಾಗ, ಒಂದು ಶಾಕಪ್ಪಿನ ಎಣ್ಣಿ ಸೋರಿ ಧೂಳು ಮೆತ್ತಿ ಕರ್ರಗಾಗಿತ್ತು. ಭಾರ ಇದ್ದದ್ದು ಆಕಿ ತಪ್ಪಲ್ಲ. ಗಾಡಿ ಮಾಡಿದವರು ಇಬ್ಬರು ಕೂಡ್ತಾರ ಅಂತನ ಎರಡು ಸೀಟು ಕೊಟ್ಟಾರ, ಅದಕ್ಕಂತನ ಉಂಗುರಾನೂ ಕೊಟ್ಟಾರ.

ಕಾಯ್ದೆ ಸೈತ ನಮ್ಮನ್ನ ನೆನಸಿ ಬರದದ. 1989ರ ಕೇಂದ್ರ ಮೋಟಾರು ವಾಹನ ನಿಯಮದ 123ನೇ ನಿಯಮದಾಗ ಹಿಂದ ಕೂತವರಿಗೆ ಹಿಡಕೊಳ್ಳಲಿಕ್ಕೆ ಹಿಡಿಕಿ, ಕಾಲಿಡಲಿಕ್ಕೆ ಜಾಗಾ ಇರಬೇಕು, ಬಟ್ಟಿ ಗಾಲಿಗೆ ಸಿಗಬಾರದಂಗ ಹಿಂದಿನ ಗಾಲಿಯ ಅರ್ಧದಷ್ಟಾದ್ರೂ ಮುಚ್ಚಿರಬೇಕು ಅಂತ ಅದ. ನಮ್ಮ ಸೆರಗಿನ ಕಾಳಜಿ ಕಾಯ್ದೆ ಮಾಡ್ಯದ. ಆದ್ರ ನೀವು ಎಷ್ಟು ಕಿಲೋ ಅಂತ ಕೇಳಿ ಉಂಗುರ ತಿರುವಲಿಕ್ಕೆ ಯಾವ ಪೊಲೀಸರೂ ಬರಂಗಿಲ್ಲ. ಅದು ಮನ್ಯಾಗ ಆಗಬೇಕಾದ ಕೆಲಸ.

ಹಂಗಾರ ಏನು ಮಾಡಬೇಕು? ಮೊದಲ, ನಿಮ್ಮ ಖರೇ ತೂಕ ಹೇಳ್ರಿ. ಅರವತ್ತೈದು ಇದ್ದಾಕಿ ಐವತ್ತೈದು ಅಂದ್ರ ಸ್ಪ್ರಿಂಗ್ ನಂಬಂಗಿಲ್ಲ. ಗಾಡಿ ಪುಸ್ತಕದಾಗ ಎಷ್ಟು ಭಾರ ಹೊರ್ತದ ಅಂತ ಬರದಿರ್ತಾರ, ಇಬ್ಬರ ತೂಕಕ್ಕ ಚೀಲದ ತೂಕಾ ಕೂಡಿಸಿ ತಾಳಿ ನೋಡ್ರಿ. ಎರಡನೇದು, ದೂರ ಹೋಗೋ ಮುಂಚೆ ಎರಡೂ ಕಡೆ ಉಂಗುರ ಒಂದ ಮೆಟ್ಟಿಲಿಗೆ ಬರೋ ಹಂಗ ಏರಿಸಿರಿ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮಿ ಇಡಬಾರದು. ಮೂರನೇದು, ಗಾಲಿಗೆ ಗಾಳಿ. ಒಬ್ಬರಿಗೆ ಇಷ್ಟು, ಇಬ್ಬರಿಗೆ ಇಷ್ಟು ಅಂತ ಎರಡು ಲೆಕ್ಕ ಪುಸ್ತಕದಾಗ ಇರ್ತಾವ. ಹಿಂದಿನ ಗಾಲಿಗೆ ಇಬ್ಬರ ಲೆಕ್ಕದ್ದ ಹಾಕಸ್ರಿ.

ನಾಲ್ಕನೇದು, ಎಣ್ಣಿ. ಬ್ಯಾಂಕಿನ ಗಾಜಿನ ಬಾಗಲಕ್ಕ ಮ್ಯಾಲೊಂದು ಕ್ಲೋಸರ್ ಇರ್ತದಲ್ಲಾ, ಅದರ ಎಣ್ಣಿ ಸೋರಿದ್ರ ಬಾಗಲಾ ಹೆಂಗ ಧಡ್ ಅಂತ ಬಡಕೋತದ? ಶಾಕಪ್ಪಿಂದೂ ಹಂಗ. ಸೀಟು ಜೋರಾಗಿ ಒತ್ತಿ ಬಿಡ್ರಿ. ಒಮ್ಮೆ ಮ್ಯಾಲೆ ಬಂದು ನಿಂತ್ರ ಛಲೋ ಅದ. ತೊಟ್ಟಲದಂಗ ಎರಡು-ಮೂರು ಸಲ ತೂಗ್ಯಾಡಿದ್ರ ಒಳಗಿನ ಎಣ್ಣಿ ಕೆಲಸಾ ಬಿಟ್ಟದ. ಅದಕ್ಕ ಉಂಗುರ ತಿರುವಿ ಉಪಯೋಗಿಲ್ಲ, ಶಾಕಪ್ಪು ಬದಲಸಬೇಕು. ಮುಂದಿನ ನಳಿಗಿಗಳ ಎಣ್ಣೀನೂ ಹಳೇದಾಗ್ತದ. ಅಲ್ಲಿ ಎಣ್ಣಿ ಒಸರಿದ್ದು ಕಂಡ್ರ ಮಿಸ್ತ್ರಿಗೆ ತೋರಸ್ರಿ.

"ಉಂಗುರ ಏರಿಸಿದ್ರ ಗಾಡಿ ಗಟ್ಟಿ ಆಗ್ತದ, ಕುಲುಕ್ತದ" ಅಂತ ನಮ್ಮ ಮನಿಯವರೂ ಅಂತಾರ. ಖರೇ ಅದ, ಒಬ್ಬರ ಹೋಗುವಾಗ. ಹಗುರ ಗಾಡಿಗೆ ಬಿಗಿ ಹೆಚ್ಚಾದ್ರ ತಿರುವಿನ ದಿಣ್ಣಿ ಮ್ಯಾಲೆ ಗಾಲಿ ಕುಣೀತದ, ಅದೂ ಧೋಕಾನ. ಅದಕ್ಕ ಹೊಳ್ಳಿ ಬಂದಮ್ಯಾಲೆ ಇಳಿಸಿರಿ. ಸೈಲೆನ್ಸರ್ ಆರಿರಬೇಕು ಅಷ್ಟ, ಇಲ್ಲಾಂದ್ರ ಕೈ ಸುಡ್ತದ. ಐದು ನಿಮಿಷದ ಕೆಲಸಕ್ಕ ವ್ಯಾಳ್ಯಾ ಇಲ್ಲ ಅನ್ನೋರು ಗಾಡಿ ಒರಸಲಿಕ್ಕೆ ಅರ್ಧ ತಾಸು ಕೊಡ್ತಾರ, ನೋಡೀನಿ.

ಉಂಗುರಾನ ಎಲ್ಲಾ ಕಾಯ್ತದ ಅಂತ ನಾ ಅನ್ನಂಗಿಲ್ಲ. ತಿರುವಿನ ನಡಬರಕ ಬ್ರೇಕ್ ಒತ್ತಿದ್ರ ಮುಂದಿನ ಶಾಕಪ್ಪು ಪೂರಾ ಮುಳುಗಿ, ದಿಣ್ಣಿ ಬಂದಾಗ ಕುಗ್ಗಲಿಕ್ಕೆ ಜಾಗಾ ಇರಂಗಿಲ್ಲ. ವೇಗ ತಿರುವಿಗಿಂತ ಮೊದಲ ಇಳಿಸಬೇಕು, ಅದು ಹೊಡಿಯೋರ ಕೆಲಸ. ನಮ್ಮ ಕೆಲಸಾನೂ ಒಂದು ಅದ. ಎರಡೂ ಕಾಲು ಒಂದ ಕಡೆ ಹಾಕಿ ಕೂತ್ರ ಭಾರ ಒಂದ ಮಗ್ಗಲಕ್ಕ ಬೀಳ್ತದ, ಗಾಡಿ ಪುಟಿದಾಗ ಮೊಣಕಾಲಿನಿಂದ ಬಿಗಿ ಹಿಡಿಯಲಿಕ್ಕೂ ಬರಂಗಿಲ್ಲ. ಘಟ್ಟದ ಹಾದಿಗೆ ಚೂಡಿದಾರ ಹಾಕ್ಕೊಂಡು, ಎರಡೂ ಕಡೆ ಕಾಲು ಹಾಕಿ, ಹೆಲ್ಮೆಟ್ ಬಿಗದು ಕೂಡ್ರಿ. ಐವತ್ತು ದಾಟಿದ ನಾನೂ ಹಂಗ ಕೂಡ್ತೀನಿ. ದೇವರಿಗೆ ಹೋಗುವಾಗ ಸೀರಿ ಬೇಕಂದ್ರ ಚೀಲದಾಗ ಇಟ್ಕೋರಿ, ಅಲ್ಲಿ ಹೋಗಿ ಉಡ್ರಿ.

ಶ್ರಾವಣ ಬಂತು, ಗೋಕರ್ಣ, ಇಡಗುಂಜಿ ಅಂತ ಹೊರಡೋರು ಇದ್ದೀರಿ. ಬುತ್ತಿ ಕಟ್ಟೋ ಮುಂಚೆ ಹಿಂದಿನ ಸೀಟು ಒಮ್ಮೆ ಒತ್ತಿ ನೋಡ್ರಿ, ಉಂಗುರ ಯಾವ ಮೆಟ್ಟಿಲಿನ್ಯಾಗ ಅದ ಅಂತ ಬಗ್ಗಿ ನೋಡ್ರಿ. ಯಾರರೆ ನಿಮ್ಮ ಭಾರದ ಮ್ಯಾಲೆ ಚ್ಯಾಷ್ಟಿ ಮಾಡಿದ್ರ ಆ ಕೊಕ್ಕೆ ಪಾನಾ ಅವರ ಕೈಯಾಗ ಕೊಡ್ರಿ.